ಲಕ್ಷ್ಮೇಶ್ವರದಲ್ಲಿ ಶೇರಿಗೆ ಬೆಲೆ ಕಟ್ಟಿದ ರವಿವಾರ

ಆ ರವಿವಾರದ ಮಾತು ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಜಗಳವಾಗುತ್ತದೆ. ಯಾರು ಯಾವ ಮಾತು ಮೊದಲು ಆಡಿದರು, ಯಾರು ನಕ್ಕರು, ಯಾರು ಎದ್ದು ನಿಂತರು ಎಂಬುದರ ಮೇಲೆ ಒಬ್ಬೊಬ್ಬರದು ಒಂದೊಂದು ಹೇಳಿಕೆ. ನಾನು ನನಗೆ ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಬರೆಯುತ್ತೇನೆ. ಖಚಿತವಿಲ್ಲದ ಕಡೆ ಖಚಿತವಿಲ್ಲ ಎನ್ನುತ್ತೇನೆ. ಇಷ್ಟು ಎಚ್ಚರಿಕೆ ಯಾಕೆಂದರೆ ಆ ಹೊತ್ತಿನಲ್ಲಿ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಅಂಥ ಸ್ಥಿತಿಯಲ್ಲಿದ್ದವನ ನೆನಪನ್ನು ಅವನೇ ಪೂರ್ತಿ ನಂಬಬಾರದು.

ಗದಗ ಜಿಲ್ಲೆಯಾಗಿ ಹತ್ತು ವರ್ಷವಾಗಿತ್ತೋ ಏನೋ. ಧಾರವಾಡಕ್ಕೆ ಹೋಗಿ ಮಾಡಿಸಬೇಕಾಗಿದ್ದ ಕೆಲಸ ಈಗ ಇಲ್ಲೇ ಆಗುತ್ತದೆ ಎಂಬ ಜಂಬ ಊರಿನಿಂದ ಇನ್ನೂ ಇಳಿದಿರಲಿಲ್ಲ. ಮುಂಬೈಯಲ್ಲಿ ನಡೆಯುವ ಶೇರು ವ್ಯವಹಾರವೂ ಇಲ್ಲೇ ಆಗುತ್ತದೆ ಎಂದು ತೋರಿಸಿದವರಲ್ಲಿ ನಾನೂ ಒಬ್ಬ. ಬೆಟಗೇರಿಗೆ ಹೋಗುವ ರಸ್ತೆಯಲ್ಲಿ ಒಂದು ಅರಿವೆ ಅಂಗಡಿಯ ಮೇಲೆ ನನ್ನ ಕಚೇರಿ. ಎರಡು ಕಂಪ್ಯೂಟರು, ಹನ್ನೊಂದು ಪ್ಲಾಸ್ಟಿಕ್ ಕುರ್ಚಿ, ಒಂದು ಫ್ಯಾನು. ಮುಂಬೈಯ ಒಂದು ದಲಾಲಿ ಕಂಪನಿಯ ಬೋರ್ಡು ಹಾಕಿಕೊಂಡು, ಅವರ ಪರವಾಗಿ ಇಲ್ಲಿಯ ಮಂದಿಗೆ ಶೇರು ಕೊಡಿಸುತ್ತಿದ್ದೆ, ಮಾರಿಸುತ್ತಿದ್ದೆ. ಬಂದ ದಲಾಲಿಯಲ್ಲಿ ಒಂದು ಪಾಲು ನನಗೆ.

ಆ ಹಿಂದಿನ ವರ್ಷ ನಮ್ಮ ಕಂಪನಿ ತನ್ನದೇ ಶೇರುಗಳನ್ನು ಪೇಟೆಗೆ ಬಿಟ್ಟಿತ್ತು. ನನ್ನಂಥ ಊರೂರಿನವರಿಗೆ ನೂರಿಪ್ಪತ್ತು ರೂಪಾಯಿಗೆ ಒಂದರಂತೆ ಕೊಟ್ಟಿತ್ತು. ಕೂಡಿಸಿಟ್ಟಿದ್ದ ಎಲ್ಲವನ್ನೂ ಹಾಕಿ ನಾನು ಸಾವಿರ ಶೇರು ತೆಗೆದುಕೊಂಡಿದ್ದೆ. ಅದು ಏರಿತು. ಮತ್ತೆ ಏರಿತು. ನಾನು ಹೇಳುತ್ತಿರುವ ರವಿವಾರದ ಹಿಂದಿನ ಶುಕ್ರವಾರ ಪೇಟೆ ಮುಚ್ಚಿದಾಗ ಅದರ ಬೆಲೆ ಒಂಬೈನೂರಾ ನಾಲ್ಕು ರೂಪಾಯಿ.

ಇಷ್ಟು ಬೆಲೆ ಸರಿಯೋ ತಪ್ಪೋ ಎಂಬುದು ನಮ್ಮ ಕಚೇರಿಯ ದಿನನಿತ್ಯದ ವಾದ. ಮುಂಡರಗಿಯಿಂದ ವಾರಕ್ಕೆರಡು ಸಲ ಬರುತ್ತಿದ್ದ ಒಬ್ಬ ಈರುಳ್ಳಿ ವ್ಯಾಪಾರಿ ಇದ್ದರು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದೆವು. ವಾದ ಶುರು ಮಾಡುವವರು ಅವರೇ.

"ಅಲ್ಲ ತಮ್ಮಾ, ಇಷ್ಟ ದಿನ ಸಂತ್ಯಾಗ ಕುರಿ ಮಾರ್ತಿದ್ರಿ. ಈಗ ಕುರಿ ಬಿಟ್ಟು ಸಂತೀನ ಮಾರಾಕ ನಿಂತೀರಿ. ಸಂತಿ ಒಯ್ದು ನಾ ಎಲ್ಲಿ ಕಟ್ಲಿ?"

"ಕುರಿ ಸತ್ರೂ ಸಂತಿ ಸಾಯೂದಿಲ್ರಿ ಸಾಹೇಬ್ರ," ಎನ್ನುತ್ತಿದ್ದೆ ನಾನು. "ಮಾರಿದವನೂ ದಲಾಲಿ ಕೊಡ್ತಾನ, ತಗೊಂಡವನೂ ಕೊಡ್ತಾನ. ಏರಿದ್ರೂ ಬಂತು, ಇಳಿದ್ರೂ ಬಂತು."

"ಇಳಿದ್ರ ನಾ ಅಂತೂ ಈ ಮೆಟ್ಟಿಲಾ ಹತ್ತೂದಿಲ್ಲ. ಆವಾಗ ಯಾರ ಕಡೆ ತಗೋತಿ?"

ಹನ್ನೊಂದು ಕುರ್ಚಿಗಳೂ ನಗುತ್ತಿದ್ದವು. ನಾನೂ ನಗುತ್ತಿದ್ದೆ. ಆದರೆ ಒಂದು ಸಂಜೆ, ಎಲ್ಲರೂ ಹೋದ ಮೇಲೆ, ಕಂಪನಿಯ ಹಿಂದಿನ ವರ್ಷಗಳ ವರದಿಗಳನ್ನು ಮುಂದಿಟ್ಟುಕೊಂಡು ಕೂತೆ. ಪೇಟೆ ಏರಿದ ವರ್ಷ ಕಂಪನಿಯ ಗಳಿಕೆ ಎಷ್ಟು, ಇಳಿದ ವರ್ಷ ಎಷ್ಟು, ಎರಡನ್ನೂ ಸೇರಿಸಿ ಸರಾಸರಿ ಎಷ್ಟು ಎಂದು ನೋಡುತ್ತ ಹೋದೆ. ಒಂದು ಶೇರಿಗೆ ನಾಲ್ಕು ನೂರಕ್ಕಿಂತ ಹೆಚ್ಚು ಕೊಡುವುದಕ್ಕೆ ನನಗೆ ಕಾರಣ ಸಿಗಲಿಲ್ಲ. ಆ ಕಾಗದವನ್ನು ಹರಿದು ಹಾಕಿದೆ. ಮರುದಿನ ಮತ್ತೆ ಸಾಹೇಬರಿಗೆ ಏರಿದ್ರೂ ಬಂತು, ಇಳಿದ್ರೂ ಬಂತು ಎಂದೆ.

ಈಗ ಮದುವೆಯ ವಿಷಯ. ನನಗೆ ಇಪ್ಪತ್ತೊಂಬತ್ತು. ಆರು ಮನೆಯವರು ನನ್ನನ್ನು ನೋಡಿ ಬೇಡವೆಂದಿದ್ದರು. ಕಾರಣ ಆರೂ ಕಡೆ ಒಂದೇ: ಹುಡುಗ ಶೇರಿನವನು, ಅಂದರೆ ಜೂಜಿನವನು. ಹಿರೇಹಂದಿಗೋಳದ ಒಬ್ಬ ಹಿರಿಯರಂತೂ ಚಹಾ ಬರುವ ಮೊದಲೇ, "ಇಸ್ಪೀಟಿಗೂ ಇದಕ್ಕೂ ಏನ್ ಫರಕ ಐತಿ ಹೇಳ್ರಿ, ಆಮ್ಯಾಲೆ ಹುಡುಗೀನ ಕರಿಯೂನು," ಎಂದರು. ನಾನು ಫರಕು ಹೇಳಿ ಮುಗಿಸುವಷ್ಟರಲ್ಲಿ ನಮ್ಮ ಬಸ್ಸಿನ ವೇಳೆಯಾಗಿತ್ತು.

ಏಳನೆಯ ಮನೆ ಲಕ್ಷ್ಮೇಶ್ವರದ್ದು. ಅದನ್ನು ಹೇಳಿದವರು ಸಾಹೇಬರೇ. ಹುಡುಗಿಯ ತಂದೆ ಶೇಂಗಾ ವ್ಯಾಪಾರಿ, ಸಾಹೇಬರಿಗೆ ಬಹಳ ವರ್ಷದ ಗುರುತು. ಹುಡುಗಿ ಎಂ.ಕಾಂ. ಮಾಡಿ ಅಲ್ಲಿಯ ಕಾಲೇಜಿನಲ್ಲಿ ವಾಣಿಜ್ಯ ಹೇಳಿಕೊಡುತ್ತಿದ್ದಳು. ಫೋಟೋ ಬಂದಿತ್ತು. ಫೋಟೋದಲ್ಲಿ ಅವಳು ತೆಗೆಯುವವನಿಗೆ ಏನೋ ಹೇಳಿ ನಗುತ್ತಿದ್ದಾಳೆ. ಒಂದು ಕೈ ಅಲುಗಿ ಮಸುಕಾಗಿದೆ. ಬೇರೆ ಆರು ಫೋಟೋಗಳಲ್ಲಿ ಹುಡುಗಿಯರು ನೆಟ್ಟಗೆ ಕೂತಿದ್ದರು. ಈ ಮಸುಕಾದ ಕೈಯನ್ನು ನಾನು ಎಷ್ಟು ಸಲ ನೋಡಿದೆನೆಂದು ಬರೆಯುವುದಿಲ್ಲ. ಈ ಮನೆಯವರು ಬೇಡವೆನ್ನಬಾರದು ಎಂಬುದೊಂದೇ ಆಗ ನನ್ನ ತಲೆಯಲ್ಲಿದ್ದದ್ದು.

ಬೆಳಿಗ್ಗೆ ಶಿರಹಟ್ಟಿ ಮೇಲೆ ಹೋಗುವ ಬಸ್ಸು ಹತ್ತಿದೆವು. ನಾನು, ಅವ್ವ, ಸೋದರಮಾವ. ಮಾವನದು ಬೆಟಗೇರಿಯಲ್ಲಿ ಸೀರೆ ವ್ಯಾಪಾರ. ಶಿರಹಟ್ಟಿಯವರೆಗೆ ಅವನು ನನಗೆ ಪಾಠ ಹೇಳಿದ.

"ನೀ ಬಾಯಿ ಬಿಡಬ್ಯಾಡ. ಆರೂ ಮನ್ಯಾಗ ನೀ ಬಾಯಿ ಬಿಟ್ಟ ಕೆಡಿಸಿದಿ. ಇವತ್ತ ನಾ ಮಾತಾಡ್ತೀನಿ."

"ಏನಂತ ಮಾತಾಡ್ತಿ ಮಾವಾ?"

"ಒಂಬತ್ತು ಲಕ್ಷ ಅಂತ. ಜೂಜಿನವ ಅಂತಾರಲ್ಲ, ಒಂಬತ್ತು ಲಕ್ಷ ಗೆದ್ದವನಿಗೆ ಯಾರೂ ಜೂಜಿನವ ಅನ್ನೂದಿಲ್ಲ. ಸಾಹುಕಾರ ಅಂತಾರ."

ಅವ್ವ ಕಿಟಕಿಯ ಹೊರಗೆ ನೋಡುತ್ತ, "ನಿನ್ನ ಮದವಿ ಹೊತ್ನ್ಯಾಗೂ ಹಿಂಗ ಅಂದಿದ್ರು, ನಮ್ಮಪ್ಪ," ಎಂದಳು. ಮಾವ ಕೇಳಿಸದವನಂತೆ ಕೂತ.

ಅವರ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಯಾರು ಎಲ್ಲಿ ಕೂತಿದ್ದೆವೆಂಬುದು ಮುಖ್ಯ, ಅದನ್ನು ಸರಿಯಾಗಿ ಹೇಳುತ್ತೇನೆ. ಬಾಗಿಲಿಗೆ ಬೆನ್ನು ಮಾಡಿ ಹುಡುಗಿಯ ತಂದೆ. ಅವರ ಎದುರಿಗೆ ನಾನು, ನನ್ನ ಎಡಕ್ಕೆ ಮಾವ, ಅವನಾಚೆ ಅವ್ವ. ನನ್ನ ಬಲಕ್ಕೆ, ಕಂಬಕ್ಕೆ ಒರಗಿ, ಹುಡುಗಿಯ ಕಾಕಾ. ಅವರ ಹೆಗಲ ಮೇಲೆ ಕೆಂಪು ಅಂಚಿನ ದೊಡ್ಡ ಟಾವೆಲ್. ಕಾಕಾ ಎತ್ತಿನ ದಲಾಲ. ಲಕ್ಷ್ಮೇಶ್ವರ, ಮುಂಡರಗಿ ಎರಡೂ ಕಡೆಯ ದನದ ಸಂತೆಯಲ್ಲಿ ಅವರಿಲ್ಲದೆ ಒಂದು ಜೋಡಿ ಎತ್ತೂ ಕೈ ಬದಲಾಗುವುದಿಲ್ಲ ಎಂದು ಸಾಹೇಬರು ಹೇಳಿದ್ದರು.

ಮಳೆ, ಬೆಳೆ, ಬಸ್ಸು ಮುಗಿದವು. ಮಾವ ಕೆಮ್ಮಿ, ಸೀರೆಯ ಮಡಿಕೆ ಬಿಚ್ಚಿ ತೋರಿಸುವಂತೆ ನನ್ನನ್ನು ಬಿಚ್ಚತೊಡಗಿದ.

"ಹುಡುಗನ ಹೆಸರಿಲೆ ಆ ಕಂಪನಿದು ಸಾವಿರ ಶೇರ ಅದಾವ್ರಿ. ಮೊನ್ನಿ ಶುಕ್ರವಾರ ಒಂದಕ್ಕ ಒಂಬೈನೂರು. ಗುಣಾಕಾರ ನೀವ ಮಾಡ್ಕೋರಿ, ನಮ್ಮ ಬಾಯಿಲೆ ಹೇಳಿದ್ರ ಛಂದ ಕಾಣೂದಿಲ್ಲ." ಒಂದು ಉಸಿರು ಬಿಟ್ಟು ತಾನೇ ಹೇಳಿದ: "ಒಂಬತ್ತು ಲಕ್ಷ."

ತಂದೆಯವರು ತಲೆಯಾಡಿಸಿದರು. ಕಾಕಾ ಕಂಬ ಬಿಟ್ಟು ಮುಂದಕ್ಕೆ ಬಾಗಿದರು.

"ಏನ್ ಮಾಡ್ತೈತ್ರಿ ಈ ಕಂಪನಿ?"

"ಕೊಳ್ಳೋರಿಗೆ ಕೊಡಸ್ತೈತಿ, ಮಾರೋರಿಗೆ ಮಾರಸ್ತೈತಿ, ನಡುವ ದಲಾಲಿ ತಗೋತೈತ್ರಿ," ಎಂದೆ. ಮಾವ ನನ್ನ ತೊಡೆ ಒತ್ತಿದ.

"ಅಂದ್ರ ನನ್ನಂಗ."

"ಹೌದ್ರಿ. ನೀವು ಎತ್ತಿಂದು, ಅವರು ಶೇರಿಂದು."

"ಮತ್ತ ಅದರ ಗಳಿಕಿ ಎಷ್ಟು, ಅದಕ್ಕ ರೇಟ ಎಷ್ಟು? ಹೊಂದಿಕಿ ಹೆಂಗ ಹಚ್ಚತೀರಿ?"

ಇದು ಮಾವನಿಗೆ ಗೊತ್ತಿರಲಿಲ್ಲ. ಅವನು ನನ್ನ ಕಡೆ ನೋಡಿದ. "ಒಂದು ಶೇರಿಗೆ ವರ್ಷಕ್ಕ ಹದಿನೈದು ರೂಪಾಯಿ ಗಳಿಸೈತ್ರಿ. ಅದಕ್ಕ ಒಂಬೈನೂರು. ಅಂದ್ರ ಒಂದು ವರ್ಷದ ಗಳಿಕಿಗೆ ಅರವತ್ತು ಪಟ್ಟು," ಎಂದೆ.

ಕಾಕಾ ಕಣ್ಣು ಮುಚ್ಚಿದರು. ಎಷ್ಟು ಹೊತ್ತು ಎಂದರೆ, ನಾನು ಒಳಗಿನ ಒಗ್ಗರಣೆಯ ಸಾಸಿವೆ ಸಿಡಿದು ನಿಲ್ಲುವುದನ್ನು ಕೇಳಿದೆ. ಆಮೇಲೆ ಅವರು ಅಣ್ಣನ ಕಡೆ ತಿರುಗಿದರು.

"ಅಣ್ಣಾ, ಹ್ವಾದ ವರ್ಷ ನಾ ಖರ್ಚು ಕಳದು ಅರವತ್ತ ಸಾವಿರ ದುಡದೇನಿ. ಹಂಗಾದ್ರ ನನ್ನ ರೇಟ ಎಷ್ಟಾತು?"

ತಂದೆಯವರು ಶೇಂಗಾ ವ್ಯಾಪಾರಿ. ಬಾಯಿಲೆಕ್ಕ ಅವರಿಗೆ ತಡವಾಗುವುದಿಲ್ಲ. "ಮೂವತ್ತಾರು ಲಕ್ಷ," ಎಂದರು. ಹೇಳಿದ ಮೇಲೆ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಯಾರರ ತಗೋಳ್ಳೋರಿದ್ರ ಇವತ್ತ ಕೊಟ್ಟ ಬಿಡ್ತೀನಿ. ಟಾವೆಲ್ಲ ಸುದ್ದಾ."

ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಕಾಕಾ ನೆಟ್ಟಗೆ ಕೂತರು. ಅವರ ಮುಖದ ಮೇಲೆ ನಿಜವಾದ ಸಂತೋಷವಿತ್ತು.

"ಮೂವತ್ತಾರು ಲಕ್ಷದ ಮನಷಾಗ ಈ ಮನ್ಯಾಗ ಒಂದು ತಲಿದಿಂಬು ಇಲ್ಲ ನೋಡ್ರಿ. ಕಂಬಕ್ಕ ಕುಂಡ್ರಸ್ಯಾರ."

ಒಳಗಿನಿಂದ ಒಬ್ಬ ಹೆಂಗಸಿನ ದನಿ ಬಂತು. ಅದು ಕಾಕಾನ ಹೆಂಡತಿಯದೆಂದು ನನಗೆ ಆಮೇಲೆ ತಿಳಿಯಿತು. "ಅರವತ್ತ ಸಾವಿರದಾಗ ಮನಿಗೆ ಬಂದದ್ದೆಷ್ಟು ಕೇಳ್ರಿ ಮೊದಲ. ಅದಕ್ಕ ಅರವತ್ತು ಪಟ್ಟು ಹಚ್ರಿ."

ಈಗ ಮಾವನೂ ನಗುತ್ತಿದ್ದ. ಆರು ಮನೆಗಳಲ್ಲಿ ಇಂಥ ನಗು ಇರಲಿಲ್ಲ. ನನಗೆ ತಲೆ ಹಗುರಾಯಿತು. ಇದು ಆಗುತ್ತದೆ ಅನ್ನಿಸಿತು.

ಆಗ ಹುಡುಗಿ ಶಿರಾ, ಉಪ್ಪಿಟ್ಟಿನ ತಟ್ಟೆಗಳನ್ನು ಹಿಡಿದುಕೊಂಡು ಬಂದಳು. ತಲೆ ತಗ್ಗಿಸಿಯೇ ಬಂದಳು, ತಟ್ಟೆಗಳನ್ನೂ ಸರಿಯಾಗಿ ಇಟ್ಟಳು, ಅವ್ವನಿಗೆ ನಮಸ್ಕಾರ ಮಾಡಿದಳು. ಎದ್ದವಳು ಕಾಕಾನ ಮುಂದೆ ನಿಂತಳು.

"ಕಾಕಾ, ದನಕ್ಕ ಕಾಲುಬಾಯಿ ಬ್ಯಾನಿ ಬಂದು ಸಂತಿ ಬಂದ್ ಆಗಿತ್ತಲ್ಲ, ಆ ವರ್ಷ ಎಷ್ಟ ದುಡದಿದ್ದಿ?"

"ಅದನ್ಯಾಕ ಈಗ ತಗೀತಿ?"

"ಹೇಳು."

"ಏಳು ಸಾವಿರ."

"ಹಂಗಾದ್ರ ಆ ವರ್ಷ ನಿನ್ನ ರೇಟ ನಾಲ್ಕು ಲಕ್ಷ ಇಪ್ಪತ್ತು ಸಾವಿರ. ಅದ ಮನಷಾ, ಅದ ಸಂತಿ. ಮೂವತ್ತಾರು ಖರೆನೋ, ನಾಲ್ಕು ಖರೆನೋ?"

ಪಡಸಾಲೆಯಲ್ಲಿ ನಗು ನಿಂತಿತು. ನಾನು ಹರಿದು ಹಾಕಿದ ಕಾಗದದಲ್ಲಿದ್ದದ್ದು ಇದೇ. ಅದನ್ನು ಅವಳು ತಟ್ಟೆ ಇಟ್ಟ ಕೈಯಲ್ಲಿ, ಕಾಗದವಿಲ್ಲದೆ, ಎಲ್ಲರೆದುರು ಹೇಳಿಬಿಟ್ಟಿದ್ದಳು.

ಮಾವ ಸುಮ್ಮನಿರುವವನಲ್ಲ. "ಅದು ಎತ್ತಿನ ಮಾತು ತಂಗೀ. ಎತ್ತು ದಿನಾ ಕಡಿಮಿ ಆಗಾಕ ಹತ್ಯಾವ, ಶೇರಿನ ಮಂದಿ ದಿನಾ ಹೆಚ್ಚಿಗಿ ಆಗಾಕ ಹತ್ಯಾರ. ಇವತ್ತ ಗದಗಿನಾಗ ಐತಿ. ನಾಳಿ ಕೋಟುಮಚಗ್ಯಾಗ ಬರ್ತೈತಿ, ಬೆಳ್ಳಟ್ಟ್ಯಾಗ ಬರ್ತೈತಿ. ರೇಟ ಕಟ್ಟೂದು ಹ್ವಾದ ವರ್ಷಕ್ಕಲ್ಲ, ಮುಂದ ಬರೂ ವರ್ಷಕ್ಕ."

ಅವನ ಮಾತಿನಲ್ಲಿ ಹುರುಳಿತ್ತು. ಕಂಪನಿಯವರು ನಮಗೆ ಕಳಿಸುತ್ತಿದ್ದ ಕಾಗದಗಳಲ್ಲಿಯೂ ಇದೇ ಇರುತ್ತಿತ್ತು. ಹುಡುಗಿ ಅದನ್ನು ತಳ್ಳಿಹಾಕಲಿಲ್ಲ. "ಅದೂ ಖರೆ ಐತ್ರಿ," ಎಂದಳು. ಉತ್ತರ ಕೊಟ್ಟವರು ಕಾಕಾ.

"ಸಂತಿ ದೊಡ್ಡದಾದಂಗ ದಲಾಲರೂ ಹೆಚ್ಚಾಗ್ತಾರ್ರಿ ಯಜಮಾನ್ರ. ನಾ ಶುರು ಮಾಡಿದಾಗ ಐದು ಮಂದಿ ಇದ್ವಿ, ಕೇಳಿದಷ್ಟು ದಲಾಲಿ. ಈಗ ಮೂವತ್ತು ಮಂದಿ. ಚಾ ಕುಡಿಸಿದ್ರ ಸಾಕು, ಜೋಡಿ ತೋರಸ್ತೀನಿ ಅನ್ನೋರೂ ಅದಾರ." ಅವರು ಟಾವೆಲ್ಲಿನ ಅಂಚು ಹಿಂಡಿದರು. "ಮೂವತ್ತಾರು ಲಕ್ಷ ಕೇಳಾಕ ಛಂದಿತ್ತು ಖರೆ."

ಆಗ ತಂದೆಯವರು ನನ್ನ ಕಡೆ ತಿರುಗಿದರು. ಇಷ್ಟು ಹೊತ್ತು ಅವರು ನನ್ನನ್ನು ಕೇಳುತ್ತಿರಲಿಲ್ಲ, ತೂಗುತ್ತಿದ್ದರು.

"ನೀವು ಹೇಳ್ರಿ. ಅದರೊಳಗ ಇರೋರು ನೀವು. ಈ ಒಂಬೈನೂರು ರೇಟ ದುಬಾರಿ ಐತೋ, ಇಲ್ಲೋ?"

ನನಗೆ ಎರಡು ದಾರಿ ಕಂಡವು, ಎರಡೂ ಕೆಟ್ಟವು. ದುಬಾರಿ ಎಂದರೆ ಮಾವ ಬಿಚ್ಚಿಟ್ಟ ಒಂಬತ್ತು ಲಕ್ಷ ಅಲ್ಲೇ ಕರಗುತ್ತಿತ್ತು. ನಾನು ಮತ್ತೆ ಜೂಜಿನವನು, ಏಳನೆಯ ಮನೆಯೂ ಹೋಯಿತು. ಇಲ್ಲ ಎಂದರೆ ಹುಡುಗಿ ನಿಂತೇ ಇದ್ದಳು, ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅವಳೆದುರು ಆ ಸುಳ್ಳು ಹೇಳಲು ನನಗೆ ಧೈರ್ಯವಿರಲಿಲ್ಲ. ಬಾಯಿ ತೆರೆದೆ.

"ತಡಿ ಅಣ್ಣಾ," ಎಂದರು ಕಾಕಾ. "ಎಲ್ಲಾರ ಮುಂದ ಬಾಯಿಬಿಟ್ಟು ರೇಟ ಹೇಳಂದ್ರ ಯಾರ್ ಹೇಳ್ತಾರ? ಅದಕ್ಕ ದೇವರು ಟಾವೆಲ್ಲ ಮಾಡ್ಯಾನ." ಹೆಗಲಿನಿಂದ ಅದನ್ನು ತೆಗೆದು ನನ್ನ ಬಲಗೈಯ ಮೇಲೆ ಹೊದಿಸಿದರು. ಅದರ ಕೆಳಗೆ ಅವರ ಕೈ ಬಂತು.

ದನದ ಸಂತೆ ನೋಡಿದವರಿಗೆ ಇದು ಗೊತ್ತು. ಮಾರುವವನೂ ಕೊಳ್ಳುವವನೂ ಬೆಲೆಯನ್ನು ಬಾಯಿಯಲ್ಲಿ ಆಡುವುದಿಲ್ಲ. ದಲಾಲ ಟಾವೆಲ್ಲಿನ ಕೆಳಗೆ ಇವನ ಕೈ ಹಿಡಿಯುತ್ತಾನೆ, ಅವನ ಕೈ ಹಿಡಿಯುತ್ತಾನೆ. ಎಷ್ಟು ಬೆರಳು ಹಿಡಿದರೆ ಅಷ್ಟು ನೂರು ಅಥವಾ ಅಷ್ಟು ಸಾವಿರ, ಬೆರಳಿನ ನಡುಗಂಟು ಒತ್ತಿದರೆ ಅರ್ಧ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ನನಗೂ ಅಷ್ಟು ಗೊತ್ತಿತ್ತು.

"ನೂರಿನ ಲೆಕ್ಕ," ಎಂದರು ಕಾಕಾ. "ಹಿಡಿ."

ಅವರ ಕೈ ಒಣಗಿದ ಬಾರುಕೋಲಿನ ಹಾಗಿತ್ತು. ನಾನು ಅವರ ನಾಲ್ಕು ಬೆರಳು ಹಿಡಿದೆ. ಒಂದು ತಿಂಗಳು ನನ್ನೊಳಗಿದ್ದದ್ದು ಹೊರಗೆ ಹೋಯಿತು. ಕಾಕಾನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಎಷ್ಟಂದ?" ಎಂದರು ತಂದೆ.

"ಟಾವೆಲ್ಲಿನ ಕೆಳಗಿಂದು ಕೇಳಬಾರದು ಅಣ್ಣಾ." ಕಾಕಾ ನನ್ನ ಕೈ ಬಿಡದೆ ಎಡಗೈ ಚಾಚಿದರು. "ಬಾರವಾ ಇಲ್ಲೆ. ಕಾಲೇಜಿನಾಗ ಹೇಳ್ತೀಯಲ್ಲ, ನೀನೂ ರೇಟ ಕಟ್ಟು."

ಅವಳು ಜಮಖಾನೆಯ ಅಂಚಿನಲ್ಲಿ ಕೂತಳು. ನನಗೂ ಅವಳಿಗೂ ನಡುವೆ ಕಾಕಾ. ಟಾವೆಲ್ಲಿನ ಒಂದು ತುದಿ ನನ್ನ ಕೈ ಮೇಲೆ, ಇನ್ನೊಂದು ಅವಳ ಕೈ ಮೇಲೆ. ಅವಳು ಎಷ್ಟು ಹಿಡಿದಳೆಂದು ನನಗೆ ಕಾಣಲಿಲ್ಲ. ಆದರೆ ಕಾಕಾ ನನ್ನ ಕಡೆ ಬಂದು ನನ್ನ ಮೂರು ಬೆರಳು ಒತ್ತಿದರು. ಅಂದರೆ ಅವಳದು ಮುನ್ನೂರು.

ನಾನು ನಾಲ್ಕನ್ನೇ ಹಿಡಿದೆ. ಕಾಕಾ ಆ ಕಡೆ ಹೋದರು. ತಿರುಗಿ ಬಂದರು: ಮೂರು. ಅವಳು ನೆಲ ನೋಡುತ್ತಿದ್ದಳು, ತುಟಿಯ ಮೂಲೆ ಮಾತ್ರ ಬಿಗಿಯಾಗಿತ್ತು. ನಾನು ಮತ್ತೆ ನಾಲ್ಕು. ನಾವಿಬ್ಬರೂ ಯಾವ ಶೇರನ್ನೂ ಕೊಳ್ಳುತ್ತಿರಲಿಲ್ಲ, ಮಾರುತ್ತಿರಲಿಲ್ಲ. ಒಂದು ಮಾತೂ ಆಡದೆ, ಒಬ್ಬ ಮುದುಕನ ಬೆರಳುಗಳ ಮೂಲಕ ವಾದ ಮಾಡುತ್ತಿದ್ದೆವು, ಮತ್ತು ನನಗೆ ಅದು ಮುಗಿಯುವುದು ಬೇಕಾಗಿರಲಿಲ್ಲ. ಮೂರನೆಯ ಸಲ ಕಾಕಾ ಬಂದಾಗ ಮೂರು ಬೆರಳಿನ ಜೊತೆ ನಾಲ್ಕನೆಯದರ ನಡುಗಂಟು ಒತ್ತಿದರು. ಮೂರೂವರೆ. ಅವಳು ಏರಿದ್ದಳು. ನಾನೂ ಅದನ್ನೇ ಒತ್ತಿದೆ. (ಎರಡು ವರ್ಷದೊಳಗೆ ಆ ಶೇರು ಮುನ್ನೂರೈವತ್ತನ್ನೂ ಕೆಳಗೆ ದಾಟಿ ಹೋಯಿತು. ಆ ದಿನ ಕಡಿಮೆ ಕಟ್ಟಿದೆವೆಂದುಕೊಂಡ ನಾವಿಬ್ಬರೂ ದುಬಾರಿಯೇ ಕಟ್ಟಿದ್ದೆವು.)

ಮುಂದೆ ಆದದ್ದು ಒಂದು ಕ್ಷಣದ್ದು. ಸಂತೆಯಲ್ಲಿ ಎರಡೂ ಕಡೆಯ ಬೆಲೆ ಒಂದಾದ ಕೂಡಲೇ ದಲಾಲ ಟಾವೆಲ್ ಎಳೆದು, ಕೊಳ್ಳುವವನ ಕೈಯನ್ನು ಮಾರುವವನ ಕೈಯೊಳಗೆ ಇಟ್ಟು, ಮೇಲೆ ತನ್ನ ಕೈಯಿಂದ ಹೊಡೆದು ಕೂಗುತ್ತಾನೆ. ಆ ಮೇಲೆ ಯಾರೂ ಹಿಂದೆ ಸರಿಯುವ ಹಾಗಿಲ್ಲ. ಮೂವತ್ತು ವರ್ಷ ಅದನ್ನೇ ಮಾಡಿದ ಕೈ ಕಾಕಾನದು. ಟಾವೆಲ್ ಹೋಯಿತು. ನನ್ನ ಕೈಯಲ್ಲಿ ಅವಳ ಕೈ ಇತ್ತು. ಮೇಲಿಂದ ಕಾಕಾನ ಹೊಡೆತ ಬಿತ್ತು.

"ಯವಾರ ಆತು," ಎಂದರು ಕಾಕಾ, ಸಂತೆಯ ದನಿಯಲ್ಲಿ.

ಒಳಗೆ ಪಾತ್ರೆಯ ಸಪ್ಪಳ ನಿಂತಿತು. ಕೈಯನ್ನು ಮೊದಲು ಹಿಂದಕ್ಕೆ ಎಳೆದುಕೊಂಡವಳು ಅವಳೋ ನಾನೋ, ಖಚಿತವಿಲ್ಲ. ಕೂಡಲೇ ಯಾರೂ ಎಳೆದುಕೊಳ್ಳಲಿಲ್ಲ ಎಂಬುದು ಖಚಿತ.

"ಏನ್ ಮಾಡಿದ್ಯೋ ತಮ್ಮಾ," ಎಂದರು ತಂದೆ, ಮೆಲ್ಲಗೆ.

ಕಾಕಾ ತಮ್ಮ ಅಂಗೈಯನ್ನು ಬೇರೆಯವರದೆಂಬಂತೆ ನೋಡುತ್ತಿದ್ದರು. "ರೇಟ ಕೂಡ್ತು ಅಣ್ಣಾ. ಕೈ ತಾನ ಹೋತು."

"ಎತ್ತೇನೋ ಅದು?"

"ಶೇರಿಂದಷ್ಟ ಯವಾರ ಅಂತ ತಿಳಕೋ." ಅವರು ಬೆವರು ಒರೆಸಿಕೊಂಡರು. "ಆದ್ರ ನಾ ಕೂಡಿಸಿದ ಕೈ ಇವತ್ತಿನ ತನಕ ಒಂದೂ ಬಿಚ್ಚಿಲ್ಲ ಅನ್ನೂದು ಊರಿಗೆಲ್ಲ ಗೊತ್ತೈತಿ. ಅದೊಂದ ನೆನಪಿರಲಿ."

ಮಾವ ಅವಕಾಶ ಬಿಡಲಿಲ್ಲ. "ಬೀಗರ," ಎಂದು ಶುರು ಮಾಡಿದ.

"ಇನ್ನೂ ಬೀಗರಲ್ಲ," ಎಂದರು ತಂದೆ. "ಎಷ್ಟಕ್ಕ ಕೂಡ್ತು ಮೊದಲ ತಿಳೀಲಿ."

ಹೇಳಿದವಳು ಹುಡುಗಿ. "ಮೂರೂವರಿ ನೂರಕ್ಕ, ಅಪ್ಪಾ."

"ಅಂದ್ರ ಒಂಬತ್ತು ಲಕ್ಷ ಅಲ್ಲ. ಮೂರೂವರಿ." ಅವರು ಮಾವನನ್ನು ನೋಡಿದರು. ಮಾವ ಉಪ್ಪಿಟ್ಟು ನೋಡಿದ.

"ಎರಡೂ ಐತಿ ಅಪ್ಪಾ. ನಾಳಿ ಪ್ಯಾಟಿ ತಗದಾಗ ಮಾರಿ ಕೊಟ್ರ ಒಂಬತ್ತು, ಇಟ್ಕೊಂಡ್ರ ಮೂರೂವರಿ. ಮೂರೂವರಿ ಅಂತ ಇವರ ಬೆರಳ ಹೇಳೇತಿ." ಅವಳು ಮೊದಲ ಸಲ ನನ್ನನ್ನು ನೇರ ನೋಡಿದಳು. "ಏನ್ ಮಾಡ್ತೀರಿ?"

ಜೂಜಿನವನೋ ಅಲ್ಲವೋ ಎಂಬ ಪ್ರಶ್ನೆಯನ್ನು ಆರು ಮನೆಯವರೂ ಕೇಳಿದ್ದರು. ಅದನ್ನು ಹೀಗೆ ಯಾರೂ ಕೇಳಿರಲಿಲ್ಲ.

"ಕೊಡ್ತೀನಿ," ಎಂದೆ.

"ಲೇ," ಎಂದ ಮಾವ.

"ಎಲ್ಲಾನೂ?" ಎಂದಳು ಅವಳು.

ಅರ್ಧ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಒಪ್ಪಿಕೊಳ್ಳುತ್ತೇನೆ. "ಎಲ್ಲಾನೂ," ಎಂದೆ.

ತಂದೆಯವರು ಎದ್ದು ನಿಂತರು. "ಬರೇ ಮಾತು ಯಾರ ಬೇಕಾದ್ರೂ ಆಡ್ತಾರ. ನಾಳಿ ಮಾಡಿ, ಸಂಜಿಕ ಫೋನ್ ಮಾಡ್ರಿ. ಆಮ್ಯಾಲೆ ನಾನೂ ಮಾತು ಹೇಳ್ತೀನಿ."

ವಾಪಸು ಬರುವಾಗ ಶಿರಹಟ್ಟಿಯಲ್ಲಿ ಬಸ್ಸು ನಿಂತಾಗ ಮಾವ, "ಹೆಣ್ಣ ನೋಡಾಕ ಹೋಗಿ ಹೊಲಾ ಮಾರಿ ಬಂದ ನೋಡವಾ ನಿನ್ನ ಮಗಾ," ಎಂದ. ಅವ್ವನಿಗೆ ಆಗ ಶುರುವಾದ ನಗು ಗದಗ ಬರುವತನಕ ನಿಲ್ಲಲಿಲ್ಲ. ಕಂಡಕ್ಟರ್ ಎರಡು ಸಲ ಬಂದು ನೀರು ಬೇಕೇನ್ರಿ ಎಂದು ಕೇಳಿದ.

ಸೋಮವಾರ ಹತ್ತಕ್ಕೆ ಐದು ನಿಮಿಷವಿರುವಾಗ ಪೇಟೆ ತೆರೆಯಿತು. ಹನ್ನೊಂದು ಕುರ್ಚಿಗಳೂ ತುಂಬಿದ್ದವು. ಸಾಹೇಬರು ಅಂದು ಬೇಕಂತಲೇ ಬಂದಿದ್ದರು. ಹುಡುಗಿ ನೋಡಿದ ಖಬರು ಕೇಳಬೇಕಿತ್ತು. ನಾನು ಖಬರು ಹೇಳಲಿಲ್ಲ. ಸಾವಿರ ಎಂದು ಒತ್ತಿದೆ, ತಪ್ಪಿ ಒಂದು ಸೊನ್ನೆ ಹೆಚ್ಚು ಬಿತ್ತು, ಅಳಿಸಿದೆ, ಮತ್ತೆ ಒತ್ತಿದೆ. ಒಂಬೈನೂರಾ ಹನ್ನೆರಡಕ್ಕೆ ಎಲ್ಲವೂ ಹೋಯಿತು.

ಸಾಹೇಬರು ಹೆಗಲ ಮೇಲಿನಿಂದ ನೋಡುತ್ತಿದ್ದರು. "ಯಾ ಅಲ್ಲಾ, ಅಂಗಡಿಯವನ ಅಂಗಡಿ ಮಾರಾಕ ಹತ್ಯಾನಲ್ಲ. ಇಳಿದ್ರೂ ಬಂತು ಅಂತಿದ್ದಿ?"

"ನೀವ ಮೆಟ್ಟಿಲಾ ಹತ್ತೂದಿಲ್ಲ ಅಂದಿದ್ರಿ," ಎಂದೆ.

"ಮಾತಿಗಂದೆ ತಮ್ಮಾ. ನಾ ನಿನ್ನೆ ಐವತ್ತು ತಗೋಬೇಕು ಅಂತ ಮಾಡೇನಿ."

ಅವರು ತೆಗೆದುಕೊಂಡರು ಕೂಡ, ನನ್ನ ಕೈಯಿಂದಲೇ. ಅದು ಏರುತ್ತಲೇ ಹೋಯಿತು. ಹನ್ನೆರಡಕ್ಕೆ ಒಂಬೈನೂರಾ ಇಪ್ಪತ್ತು, ಎರಡಕ್ಕೆ ಮೂವತ್ತು. ಪ್ರತಿ ಏರಿಕೆಗೆ ಕುರ್ಚಿಗಳಲ್ಲಿ ಒಬ್ಬರಲ್ಲ ಒಬ್ಬರು ನನ್ನ ಬೆನ್ನು ತಟ್ಟಿ, "ಛಲೋ ಮಾಡಿದಿ ಬಿಡು," ಎನ್ನುತ್ತಿದ್ದರು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಾನು ಮುಚ್ಚುವ ವೇಳೆಯನ್ನು ಕಾಯುತ್ತಿದ್ದೆ.

ಆರು ಗಂಟೆಗೆ ಫೋನ್ ಮಾಡಿದೆ. ಎತ್ತಿಕೊಂಡವಳು ಅವಳು.

"ಅಪ್ಪ ಅಂಗಡ್ಯಾಗ ಅದಾರ. ಈಗ ಬರ್ತಾರ. ಕೊಟ್ರೇನು?"

"ಕೊಟ್ಟೆ. ಒಂಬೈನೂರಾ ಹನ್ನೆರಡಕ್ಕ."

"ಈಗೆಷ್ಟೈತಿ?"

"ಒಂಬೈನೂರಾ ನಲವತ್ತೊಂದು."

ಆ ಕಡೆಯಿಂದ ನಗು. ಫೋಟೋದಲ್ಲಿ ಕಂಡದ್ದಕ್ಕಿಂತ ಅದು ದೊಡ್ಡದಿತ್ತು.

"ಹಂಗಾದ್ರ ಒಂದ ದಿನಕ್ಕ ಇಪ್ಪತ್ತೊಂಬತ್ತು ಸಾವಿರ ಹೋತಲ್ರಿ. ಬ್ಯಾಸರಾಗೇತೇನು?"

ನಾನು ನಿಧಾನವಾಗಿ ನನ್ನೊಳಗೆ ಹುಡುಕಿದೆ. ತಪ್ಪು ಹೇಳಬಾರದಲ್ಲ. "ಇಲ್ಲ," ಎಂದೆ.

"ನಾ ಮುನ್ನೂರ ಅಂದಿದ್ದೆ, ಮರೀಬ್ಯಾಡ್ರಿ. ನಿಮ್ಮ ಸಲುವಾಗಿ ಐವತ್ತು ಏರೇನಿ," ಎಂದು ಫೋನ್ ಇಟ್ಟಳು.

ಮೆಟ್ಟಿಲು ಇಳಿದು ರಸ್ತೆಗೆ ಬಂದೆ. ಅರಿವೆ ಅಂಗಡಿಯ ಮುಂದೆ ನಿಂತ ಮೇಲೆ, ನಿಜವಾಗಿ ಕೇಳಬೇಕಾದ ತಂದೆಯವರ ಮಾತನ್ನು ಕೇಳಿಯೇ ಇಲ್ಲ ಎಂದು ಹೊಳೆಯಿತು. ಮತ್ತೆ ಮೇಲೆ ಓಡಿದೆ. ಮತ್ತೆ ನಂಬರ್ ಒತ್ತಿದೆ.

"ಯಾರ್ರೀ?" ತಂದೆಯ ದನಿ.

ನಾನು ಹೆಸರು ಹೇಳಬೇಕಿತ್ತು, ನಮಸ್ಕಾರ ಹೇಳಬೇಕಿತ್ತು. "ಒಂಬೈನೂರಾ ನಲವತ್ತೊಂದು," ಎಂದೆ.

"ಮಾರೀರಂತಲ್ಲ," ಎಂದರು.

"ಮಾರೇನ್ರಿ."

"ಮತ್ತ ಇನ್ನಾ ಯಾಕ ರೇಟ ನೋಡ್ತೀರಿ? ಬಿಡ್ರಿ ಅದನ್ನ. ಗುರುವಾರ ಛಲೋ ಐತಂತ. ತಾಯಿಯವರನ್ನ ಕರಕೊಂಡ ಬರ್ರಿ. ನಿಮ್ಮ ಮಾವನ್ನೂ ಕರಕೊಂಡ ಬರ್ರಿ, ನನ್ನ ತಮ್ಮಗ ಅವರ ಕೂಡ ಇನ್ನೂ ಮಾತಾಡೂದೈತಂತ."